ಮೂಗು ಒಗ್ಗುವ ಮೊದಲು

ಹಾಲು ತಳ ಹಿಡಿದ ವಾಸನೆ ಬಂದರೆ ಇವತ್ತಿಗೂ ನಾನು ಮೊದಲು ಅನುಮಾನಿಸುವುದು ನನ್ನನ್ನೇ. ಹೋದ ವಾರ ಹೊಸದಾಗಿ ಬಂದ ಸಹೋದ್ಯೋಗಿಯೊಬ್ಬನ ಮನೆ ಹುಡುಕುತ್ತ, ಗಲ್ಫಿನ ಈ ಊರಿನ ಐನ್ ಖಾಲಿದ್‌ನ ನಮ್ಮ ಹಳೆಯ ಬೀದಿಗೆ ಕಾರು ತಿರುಗಿಸಿದೆ. ನಾವಿದ್ದ ವಿಲ್ಲಾ ಹಾಗೆಯೇ ಇದೆ. ಒಂದು ದೊಡ್ಡ ಮನೆಯನ್ನು ತೆಳು ಗೋಡೆ ಹಾಕಿ ಐದು ಸಂಸಾರಗಳಿಗೆ ಹಂಚಿದ್ದು. ಹಿಂಬದಿಯ ಎರಡು ಕೋಣೆ, ಒಂದು ಪುಟ್ಟ ಅಡುಗೆಮನೆ ನಮ್ಮದಾಗಿತ್ತು. ಯಾರದೋ ಕಿಟಕಿಯಿಂದ ಹಾಲು ಹೊತ್ತಿದ ವಾಸನೆ ಬೀದಿಯವರೆಗೂ ಬರುತ್ತಿತ್ತು. ಗಾಜು ಇಳಿಸಿ ಸುಮ್ಮನೆ ಕೂತೆ. ಎದುರು ಮನೆಯ ಡ್ರೈವರ್ ಎರಡು ಸಲ ಹೊರಗೆ ಬಂದು ನನ್ನನ್ನು ನೋಡಿ ಹೋದ. ಅವನ ಅನುಮಾನದಲ್ಲಿ ತಪ್ಪೇನೂ ಇರಲಿಲ್ಲ. ಅದೇ ಬೀದಿಯಲ್ಲಿ ಒಂದು ಇಡೀ ಚಳಿಗಾಲ ನಾನೂ ಹಾಗೆಯೇ ಕಣ್ಣು ಕಿರಿದು ಮಾಡಿಕೊಂಡು ಬದುಕಿದ್ದೆ.

ಅನುಮಾನ ನನ್ನ ಹೊಟ್ಟೆಪಾಡು. ಉತ್ತರದ ಕಡೆಯ ಒಂದು ಗ್ಯಾಸ್ ಪ್ಲಾಂಟಿನಲ್ಲಿ ನಾನು ಸೇಫ್ಟಿ ಟ್ರೈನರ್. ಹೊಸದಾಗಿ ಕೆಲಸಕ್ಕೆ ಸೇರಿದವರನ್ನು ಕೂರಿಸಿಕೊಂಡು, ಹಿಂದಿ, ಇಂಗ್ಲಿಷ್, ಮಲಯಾಳ ಎಲ್ಲ ಕಲಸಿ, ಯಾವುದನ್ನೂ ನಂಬಬೇಡಿ ಎಂದು ಕಲಿಸುವುದೇ ಕೆಲಸ. ಏಣಿಯನ್ನು ನಂಬಬೇಡಿ, ಬೆಲ್ಟನ್ನು ನಂಬಬೇಡಿ, ಪಕ್ಕದವನು ‘ಖಲಾಸ್’ ಅಂದರೆ ಕೆಲಸ ಮುಗಿದಿದೆ ಎಂದು ನಂಬಬೇಡಿ, ಎಲ್ಲಕ್ಕಿಂತ ಮುಖ್ಯವಾಗಿ ನಿಮ್ಮ ಮೂಗನ್ನು ನಂಬಬೇಡಿ. ನೆಲದಡಿಯ ಗ್ಯಾಸಿನ ಜೊತೆ ಕೊಳೆತ ಮೊಟ್ಟೆಯ ನಾತದ ಒಂದು ವಿಷಾನಿಲ ಬರುತ್ತದೆ. ಮೊದಲು ಬಡಿದಾಗ ಹೊಟ್ಟೆ ತೊಳಸುವಷ್ಟು ನಾತ. ಸ್ವಲ್ಪ ಹೊತ್ತು ಅಲ್ಲೇ ನಿಂತರೆ ಮೂಗು ಅದಕ್ಕೆ ಒಗ್ಗಿಬಿಡುತ್ತದೆ. ವಿಷ ಹೆಚ್ಚಾದರಂತೂ ಮೂಗು ಸತ್ತೇ ಹೋಗುತ್ತದೆ. ಕೆಲಸಗಾರ ಗ್ಯಾಸ್ ಹೋಯಿತು ಎಂದುಕೊಂಡು ಮುಂದೆ ಹೆಜ್ಜೆ ಇಡುತ್ತಾನೆ, ಅಲ್ಲೇ ಬೀಳುತ್ತಾನೆ. ಅದಕ್ಕೇ ನಮ್ಮಲ್ಲಿ ಎಲ್ಲರ ಎದೆಯ ಮೇಲೂ ಒಂದು ಡಿಟೆಕ್ಟರ್ ಇರುತ್ತದೆ. ‘ಮೂಗು ಸತ್ತವನನ್ನು ಗೇಟಿನ ಹೊರಗೆ ನಿಲ್ಲಿಸಿ, ಅವನು ತಾನೂ ಸಾಯುತ್ತಾನೆ, ಪಕ್ಕದವನನ್ನೂ ಕರೆದುಕೊಂಡು ಹೋಗುತ್ತಾನೆ’ ಎಂಬುದು ನನ್ನ ಕ್ಲಾಸಿನ ಪ್ರಸಿದ್ಧ ಡೈಲಾಗು. ಹುಡುಗರು ನಗುತ್ತಿದ್ದರು. ಮನೆಯಲ್ಲಿ ಊಟಕ್ಕೆ ಕೂತಾಗಲೂ ಹೇಳುತ್ತಿದ್ದೆ.

ನಾನು ಹೇಳಹೊರಟಿರುವುದು ಆ ದೊಡ್ಡ ಜ್ವರ ಲೋಕವನ್ನೆಲ್ಲ ಸುತ್ತಿ ದಣಿದು, ಜನರ ಮಾಸ್ಕ್ ಮೂಗಿನಿಂದ ಗದ್ದಕ್ಕೆ ಇಳಿದ ವರ್ಷದ ಮಾತು. ಮಗಳು ಮಂಗಳೂರಿನಲ್ಲಿ ಕಾಲೇಜು ಸೇರಿದ್ದಳು. ಮನೆಯಲ್ಲಿ ನಾನು, ನನ್ನ ಹೆಂಡತಿ ಸುಮತಿ, ಇಬ್ಬರೇ. ಸುಮತಿ ಮುಲ್ಕಿಯವಳು, ಇಲ್ಲಿ ಒಂದು ಇಂಡಿಯನ್ ಶಾಲೆಯ ಬಯಾಲಜಿ ಲ್ಯಾಬ್ ನೋಡಿಕೊಳ್ಳುತ್ತಿದ್ದಳು. ಸೆಪ್ಟೆಂಬರಿನಲ್ಲಿ, ಹೊರಗೆ ಕಾಲಿಟ್ಟರೆ ಕನ್ನಡಕಕ್ಕೆ ಹಬೆ ಹಿಡಿಯುವ ದಿನಗಳಲ್ಲಿ, ಇಬ್ಬರಿಗೂ ಆ ಜ್ವರ ಬಂತು. ನನಗೆ ನಾಲ್ಕು ದಿನ, ಅವಳಿಗೆ ಹತ್ತು ದಿನ. ಎದ್ದೆವು, ಕೆಲಸಕ್ಕೆ ಹೋದೆವು, ಮರೆತೆವು. ಅವಳೂ ಮರೆತಿದ್ದಾಳೆ ಎಂದೇ ನಾನು ತಿಳಿದಿದ್ದೆ. ಮನೆಯಲ್ಲಿ ನಮ್ಮ ಮಾತು ತುಳು. ಇಲ್ಲಿ ಕನ್ನಡಕ್ಕೆ ತರುವಾಗ ಅವಳ ಮಾತಿನ ಖಾರ ಸ್ವಲ್ಪ ಕಡಿಮೆಯಾಗಿದೆ, ಅವಳು ಓದಿದರೆ ಒಪ್ಪುವುದಿಲ್ಲ.

ಮೊದಲ ಅನುಮಾನ ಹುಟ್ಟಿದ್ದು ಮಲ್ಲಿಗೆಯಿಂದ. ಗುರುವಾರದ ವಿಮಾನದಲ್ಲಿ ನಮ್ಮೂರಿನ ಮಲ್ಲಿಗೆ ಬರುತ್ತದೆ. ಊರಿನ ಸಾಮಾನು ಮಾರುವ ಅಂಗಡಿಯಲ್ಲಿ ಮೊದಲೇ ಹೇಳಿಟ್ಟರೆ ಒಂದು ಚೆಂಡು ಎತ್ತಿಡುತ್ತಾರೆ. ಮದುವೆಯಾದಾಗಿನಿಂದ ನೋಡಿದ್ದೇನೆ, ಬಾಳೆ ಎಲೆಯ ಪೊಟ್ಟಣ ಕೈಗೆ ಬಂದ ಕೂಡಲೇ ಸುಮತಿ ಅದನ್ನು ಬಿಚ್ಚದೆಯೇ ಮೂಗಿಗೆ ಹಿಡಿದು ಕಣ್ಣು ಮುಚ್ಚುತ್ತಾಳೆ. ಆ ಅಕ್ಟೋಬರಿನಲ್ಲಿ ಪೊಟ್ಟಣ ಕೊಟ್ಟೆ; ಬಿಚ್ಚಿದಳು, ಹೂ ಮುಡಿದಳು, ಎಲೆ ಮಡಚಿ ಕಸದ ಬುಟ್ಟಿಗೆ ಹಾಕಿದಳು. ಕಾಯಿಪಲ್ಲೆ ಎತ್ತಿಟ್ಟ ಹಾಗೆ. ನಾನು ತಂದ ಹೂವು ಬೇಡವಾಯಿತೇ, ತಂದ ನಾನು ಬೇಡವಾದೆನೇ ಎಂದು ಆ ವಾರವೆಲ್ಲ ಯೋಚಿಸಿದೆ. ಕೇಳಲಿಲ್ಲ. ನನ್ನ ಕಸುಬಿನಲ್ಲಿ ಮೊದಲ ಸೂಚನೆ ಕಂಡಾಗ ಕೂಗುವುದಿಲ್ಲ, ಬರೆದಿಟ್ಟುಕೊಳ್ಳುತ್ತೇವೆ.

ಬರೆದಿಟ್ಟುಕೊಳ್ಳಲು ಆಮೇಲೆ ಬೇಕಾದಷ್ಟು ಸಿಕ್ಕಿತು. ಸಾರಿಗೆ ಉಪ್ಪು ಹೆಚ್ಚಾಗತೊಡಗಿತು. ಅಡುಗೆ ಮಾಡುವಾಗ ಮೊದಲೆಲ್ಲ ಫೋನಿನಲ್ಲಿ ಹಾಡು ಹಾಕಿಕೊಳ್ಳುತ್ತಿದ್ದವಳು ಈಗ ಅದನ್ನು ನಿಲ್ಲಿಸಿ, ಎಕ್ಸಾಸ್ಟ್ ಫ್ಯಾನನ್ನೂ ನಿಲ್ಲಿಸಿ, ಒಗ್ಗರಣೆ ಬಾಣಲೆಯ ಮೇಲೆ ಬಾಗಿ ನಿಲ್ಲುತ್ತಿದ್ದಳು. ಒಲೆ ಹೊತ್ತಿಸುವ ಮೊದಲು ನಾಲ್ಕೂ ಗುಂಡಿಗಳನ್ನು ಒಂದೊಂದಾಗಿ ಬೆರಳಿನಿಂದ ಮುಟ್ಟುತ್ತಿದ್ದಳು. ಮೊಸರಿನ ಡಬ್ಬಿಯ ತಾರೀಖು ಓದದೆ ಮುಚ್ಚಳ ತೆಗೆಯುತ್ತಿರಲಿಲ್ಲ. ಮೀನು ತಂದರೆ, ನೀವೇ ನೋಡಿ ತಂದದ್ದಲ್ವಾ, ಸರಿ ಇರ್ತದೆ ಎಂದು ನನ್ನ ಮೇಲೆ ಹಾಕುತ್ತಿದ್ದಳು. ಮೀನಿನ ವಿಷಯದಲ್ಲಿ ಜನ್ಮದಲ್ಲಿ ನನ್ನನ್ನು ನಂಬಿದವಳಲ್ಲ. ನಾನು ಕೋಣೆಗೆ ಬಂದರೆ ಫೋನಿನಲ್ಲಿ ಮಾತು ನಿಲ್ಲುತ್ತಿತ್ತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುತ್ತಾರೆ, ನಿಜ. ಆದರೆ ಹಳದಿ ಹೂವೂ ಲೋಕದಲ್ಲಿ ಇರುತ್ತದಲ್ಲ ಎಂದು ನಾನೇ ನನಗೆ ಸಮಾಧಾನ ಹೇಳಿಕೊಳ್ಳುತ್ತಿದ್ದೆ.

ನವೆಂಬರ್ ಕೊನೆಯಲ್ಲಿ ಒಂದು ಮಳೆ ಬಂತು. ಇಲ್ಲಿ ಮಳೆ ಬಂದರೆ ಊರಿನವರೆಲ್ಲ ಮಕ್ಕಳಾಗುತ್ತಾರೆ. ವಿಲ್ಲಾದ ಐದೂ ಮನೆಯವರು ಅಂಗಳಕ್ಕೆ ಇಳಿದರು. ಅರ್ಧ ಗಂಟೆ ಸುರಿದು ನಿಂತಾಗ ಬಂದದ್ದು ಮಣ್ಣಿನ ಪರಿಮಳವಲ್ಲ. ಪಕ್ಕದಲ್ಲಿ ರಸ್ತೆ ಅಗೆಯುತ್ತಿದ್ದ ಕಡೆಯಿಂದ ಡೀಸೆಲ್ಲು, ಚರಂಡಿ, ಒದ್ದೆ ಸಿಮೆಂಟು. ಎಲ್ಲರೂ ಮುಖ ಹಿಂಡಿಕೊಂಡರು. ಸುಮತಿ ಮಾತ್ರ ದೀರ್ಘವಾಗಿ ಉಸಿರು ಎಳೆದು, ಎಂಥ ಪರಿಮಳ, ನಮ್ಮ ಊರಿನದ್ದೇ ಎಂದಳು. ಪಕ್ಕದ ಮನೆಯ ಹೆಂಗಸು ತಮಾಷೆ ಎಂದು ನಕ್ಕಳು. ನಾನು ನಗಲಿಲ್ಲ. ಇವಳು ಸುಳ್ಳು ಹೇಳುತ್ತಿದ್ದಾಳೆ ಎಂಬುದು ನನಗೆ ಅಂದು ಖಚಿತವಾಯಿತು. ಯಾಕೆ ಎಂಬುದು ಗೊತ್ತಾಗಲಿಲ್ಲ.

ಜನವರಿಯಲ್ಲಿ ನಮ್ಮ ಕನ್ನಡ ಬಳಗದವರು ಶುಕ್ರವಾರದ ಪಿಕ್ನಿಕ್ಕಿಗೆಂದು ಅಲ್ ಥಖೀರಾಕ್ಕೆ ಹೊರಟರು. ಮರಳುಗಾಡಿನ ಅಂಚಿನಲ್ಲಿ ಸಮುದ್ರದ ಹಿನ್ನೀರು, ಅದರಲ್ಲಿ ಹಸಿರಾಗಿ ನಿಂತ ಕಾಂಡ್ಲಾ ಕಾಡು. ನಮ್ಮ ನದಿಗಳ ಅಳಿವೆಯಲ್ಲಿ ಬೆಳೆಯುವ ಗಿಡದ ದಾಯಾದಿಯೇ. ನೀರಿಳಿದ ಹೊತ್ತು, ಕಪ್ಪು ಕೆಸರು ಬಾಯಿ ಬಿಟ್ಟು ಬಿದ್ದಿತ್ತು. ಸುಮತಿ ಮಕ್ಕಳನ್ನು ಸುತ್ತ ನಿಲ್ಲಿಸಿಕೊಂಡು ಪಾಠ ಶುರು ಮಾಡಿದಳು. ಎಲೆ ತಿರುಗಿಸಿ, ಅದರ ಮೇಲಿನ ಬಿಳಿ ಹುಡಿಯನ್ನು ನಾಲಗೆಗೆ ತಾಗಿಸಿ ನೋಡಿ ಅಂದಳು. ಈ ಗಿಡಕ್ಕೆ ಉಪ್ಪುನೀರು ಬಿಟ್ಟು ಬೇರೆ ನೀರಿಲ್ಲ, ಆದ್ದರಿಂದ ಉಪ್ಪುನೀರನ್ನೇ ಕುಡಿದು ಉಪ್ಪನ್ನು ಎಲೆಯಿಂದ ಹೊರಗೆ ಹಾಕುತ್ತದೆ, ಕೆಸರಿನಲ್ಲಿ ಉಸಿರಾಡಲಿಕ್ಕೆ ಆಗುವುದಿಲ್ಲ, ಆದ್ದರಿಂದ ಬೇರುಗಳನ್ನು ಪೆನ್ಸಿಲ್ ಹಾಗೆ ಮೇಲಕ್ಕೆ ಕಳಿಸಿ ಉಸಿರಾಡುತ್ತದೆ ಎಂದೆಲ್ಲ ಹೇಳಿದಳು. ನಾನು ನಡುವೆ ಬಾಯಿ ಹಾಕಿ, ನಾವೂ ಹಾಗೇ ಅಲ್ವಾ, ಗಲ್ಫಿಗೆ ಬಂದು ಇಲ್ಲಿನ ಸೆಕೆಗೆ ಹೊಂದಿಕೊಂಡಿದ್ದೇವೆ ಅಂದೆ.

“ಅದು ಒಗ್ಗುವುದು, ಅಷ್ಟೆ. ಊರಿಗೆ ಹೋದ ಎರಡೇ ವಾರಕ್ಕೆ ಬಿಟ್ಟು ಹೋಗ್ತದೆ. ಇದಕ್ಕೆ ತಲೆತಲಾಂತರ ಬೇಕು. ಹೊಂದಿಕೊಳ್ಳಲಿಕ್ಕೆ ಆಗದ್ದೆಲ್ಲ ಸತ್ತು, ಉಳಿದದ್ದು ಇದು” ಎಂದಳು ಸುಮತಿ.

ಹಾಗೆ ಹೇಳುತ್ತ, ಒಂದು ಏಡಿಯನ್ನು ತೋರಿಸಲು ಮೊಣಕೈವರೆಗೆ ಕೆಸರಿಗೆ ಕೈ ಹಾಕಿ ತಿರುವಿದಳು. ಗುಪ್ಪೆಂದು ಕೊಳೆತ ಮೊಟ್ಟೆಯ ನಾತ ಎದ್ದಿತು. ಇಂಥ ಕೆಸರಿನಲ್ಲಿ ಅದು ಸಹಜ. ನನ್ನ ಪ್ಲಾಂಟಿನ ವಿಷವೇ, ಅಪಾಯವಿಲ್ಲದಷ್ಟು ಸ್ವಲ್ಪ. ಮಕ್ಕಳು ಮೂಗು ಮುಚ್ಚಿಕೊಂಡು ಹಿಂದೆ ಓಡಿದರು. ಸುಮತಿಯ ಮುಖದಲ್ಲಿ ಒಂದು ಗೆರೆಯೂ ಕದಲಲಿಲ್ಲ. ಮಕ್ಕಳು ಯಾಕೆ ಓಡಿದರು ಎಂದು ತಲೆಯೆತ್ತಿ ನೋಡಿದಳು, ಒಂದು ಕ್ಷಣ ತಡವಾಗಿ ತಾನೂ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಆ ಒಂದು ಕ್ಷಣದ ತಡವನ್ನು ನಾನು ನೋಡಿದೆ. ಸಾವಿರಾರು ಮುಖಗಳನ್ನು ಕ್ಲಾಸಿನಲ್ಲಿ ನೋಡಿದವನಿಗೆ ಅದು ತಪ್ಪಿಹೋಗುವಂಥದ್ದಲ್ಲ.

ಇಲ್ಲಿಗೆ ನಾನು ಕೇಳಿಬಿಟ್ಟಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಕೇಳದಿರಲು ಇನ್ನೊಂದು ಕಾರಣ ಆ ವಾರವೇ ಸಿಕ್ಕಿತು. ಬಳಗದ ವಾರ್ಷಿಕೋತ್ಸವಕ್ಕೆ ಯಕ್ಷಗಾನ ಆಡುವುದೆಂದು ತೀರ್ಮಾನವಾಗಿತ್ತು. ಊರಿನಲ್ಲಿ ರಾತ್ರಿಯಿಡೀ ಆಡುವ ಪ್ರಸಂಗ, ಇಲ್ಲಿ ಹಾಲ್ ಸಿಗುವುದು ನಮಗೆ ಮುಕ್ಕಾಲು ಗಂಟೆ ಮಾತ್ರ. ಅದನ್ನು ಆ ಅಳತೆಗೆ ಇಳಿಸುವ, ಕನ್ನಡ ತೊದಲುವ ಮಕ್ಕಳ ಬಾಯಿಗೆ ಹೊಂದುವ ಹಾಗೆ ಮಾತು ಬರೆಯುವ ಕೆಲಸ ಸುಮತಿಯದು. ಮಂಗಳವಾರ, ಶನಿವಾರ ಸಂಜೆ ನಾಲ್ಕಕ್ಕೆ ಟ್ಯಾಕ್ಸಿಯಲ್ಲಿ ಅಭ್ಯಾಸಕ್ಕೆ ಹೋಗುತ್ತಿದ್ದಳು, ಎಂಟರೊಳಗೆ ಬರುತ್ತಿದ್ದಳು. ಅಭ್ಯಾಸ ನಡೆಯುತ್ತಿದ್ದದ್ದು ಶೇಖರಣ್ಣನ ಗೋದಾಮಿನಲ್ಲಿ. ಶೇಖರಣ್ಣನದು ಎಸಿ ರಿಪೇರಿಯ ವ್ಯಾಪಾರ. ಊರಿನಲ್ಲಿ ಸಣ್ಣ ಮೇಳದಲ್ಲಿ ಭಾಗವತಿಕೆ ಮಾಡಿದವರು, ಇಲ್ಲಿಯೂ ಅವರೇ ಭಾಗವತರು. ಒಂದು ದಿನ ನಮ್ಮ ಎಸಿ ನೋಡಲು ಬಂದವರು ಏಣಿ ಮೇಲೆ ನಿಂತೇ ದೂರು ಶುರು ಮಾಡಿದರು.

“ನಿನ್ನ ಹೆಂಡತಿ ಒಂದು ಯುದ್ಧವನ್ನೇ ತೆಗೆದು ಬಿಸಾಡಿದ್ದಾಳೆ ಮಾರಾಯ. ಎರಡು ಯುದ್ಧದ ಪ್ರಸಂಗದಲ್ಲಿ ಒಂದೇ ಉಂಟು. ಆದರೆ ತಪ್ಪು ಹೇಳಬಾರದು, ಕತ್ತರಿ ಬಿದ್ದದ್ದು ಎಲ್ಲಿ ಅಂತ ಹುಡುಕಿದರೂ ಸಿಗುವುದಿಲ್ಲ. ಹಾಗೆ ಹೊಲಿದಿದ್ದಾಳೆ. ಒಮ್ಮೆ ಅಭ್ಯಾಸಕ್ಕೆ ಬಂದು ನೋಡಲಿಕ್ಕೆ ಹೇಳು. ತಿಂಗಳಾಯ್ತು, ಕಾಗದ ವಾಟ್ಸಪ್ಪಿನಲ್ಲಿ ಬರ್ತದೆ, ಆಳು ಇಲ್ಲ.”

ಏಣಿಯನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡೆ. ಹೂಂ ಅಂದೆ. ಶಾಲೆಯ ಕೆಲಸ ಜಾಸ್ತಿ ಇರಬೇಕು ಅಂದೆ. ಹೆಂಡತಿಯ ಮಾನ ಉಳಿಸುವವನ ಹಾಗೆ ಸುಳ್ಳು ಹೇಳುತ್ತ, ಒಳಗೆ ಲೆಕ್ಕ ಹಾಕುತ್ತಿದ್ದೆ, ತಿಂಗಳೆಂದರೆ ಎಂಟು ಸಂಜೆಗಳು.

ಮುಂದಿನ ಶನಿವಾರ ಪ್ಲಾಂಟಿಗೆ ಹೋಗುತ್ತೇನೆಂದು ಹೇಳಿ ಬೀದಿಯ ತಿರುವಿನಲ್ಲಿ ಕಾರು ನಿಲ್ಲಿಸಿಕೊಂಡು ಕೂತೆ. ನಾಲ್ಕಕ್ಕೆ ಟ್ಯಾಕ್ಸಿ ಬಂತು. ಹಿಂದೆಯೇ ಹೋದೆ. ಅದು ಗೋದಾಮಿನ ಕಡೆ ತಿರುಗಲಿಲ್ಲ, ದಕ್ಷಿಣಕ್ಕೆ ಹೋಯಿತು. ಅಲ್ ವಕ್ರಾದಲ್ಲಿ ಹೊಸ ಕಟ್ಟಡವೊಂದರ ಮುಂದೆ ಅವಳು ಇಳಿದಳು, ಯಾರನ್ನೂ ಕೇಳದೆ, ಗೊತ್ತಿದ್ದವಳ ಹಾಗೆ ಒಳಗೆ ಹೋದಳು. ಅರ್ಧ ಗಂಟೆಯ ಮೇಲೆ ಎರಡನೆಯ ಮಹಡಿಯ ಬಾಲ್ಕನಿಗೆ ಒಬ್ಬ ಗಂಡಸು ಬಂದ. ಬನಿಯನ್, ಲುಂಗಿಯಲ್ಲಿದ್ದವನು ಟವೆಲ್ ಒಣಗಲು ಹಾಕಿ ಒಳಗೆ ಹೋದ. ಅದು ಅವಳು ಹೋದ ಮನೆಯೇ ಎಂದು ಹೇಳಲು ನನ್ನ ಬಳಿ ಏನೂ ಆಧಾರ ಇರಲಿಲ್ಲ. ಕ್ಲಾಸಿನಲ್ಲಾದರೆ ಇಂಥ ತೀರ್ಮಾನ ಮಾಡಿದವನನ್ನು ಎದ್ದು ನಿಲ್ಲಿಸುತ್ತಿದ್ದೆ. ಆದರೂ ಮನೆಗೆ ಬಂದವನು ಮಾಡಿದ ಕೆಲಸ ಹೇಳಲು ನಾಚಿಕೆಯಾಗುತ್ತದೆ: ಅವಳು ಬಂದು ಸ್ನಾನಕ್ಕೆ ಹೋದಾಗ ಅವಳ ಚೀಲ ಬಿಚ್ಚಿದೆ.

ನಾಲ್ಕು ಪುಟ್ಟ ಗಾಜಿನ ಸೀಸೆಗಳು ಸಿಕ್ಕಿದವು. ಚೀಟಿ ಇಲ್ಲ, ಹೆಸರಿಲ್ಲ. ಮೊದಲನೆಯದರ ಮುಚ್ಚಳ ತೆಗೆದೆ: ಗುಲಾಬಿ ಅತ್ತರು. ಈ ಊರಿನಲ್ಲಿ ಗಂಡಸು ಹೆಂಗಸಿಗೆ ಏನು ಕೊಡುತ್ತಾನೆ ಎಂದು ಯಾರನ್ನಾದರೂ ಕೇಳಿ, ಅತ್ತರು ಅನ್ನುತ್ತಾರೆ. ಉಳಿದ ಮೂರನ್ನು ತೆಗೆದು ನೋಡುವ ತಾಳ್ಮೆ ಇರಲಿಲ್ಲ. ಚೀಲ ಇದ್ದ ಹಾಗೆ ಮುಚ್ಚಿ ಟಿವಿ ಮುಂದೆ ಕೂತೆ. ಇಪ್ಪತ್ತೊಂದು ವರ್ಷದ ಸಂಸಾರ ಕೈಬಿಟ್ಟು ಹೋಗುತ್ತಿದೆ ಎಂದು ನನಗೆ ನಿಜಕ್ಕೂ ಹೆದರಿಕೆಯಾಯಿತು. ಸುಮತಿ ತಲೆ ಒರೆಸಿಕೊಳ್ಳುತ್ತ ಬಂದು, ಯಾಕೆ ಮುಖ ಹೀಗುಂಟು ಎಂದು ಕೇಳಿದಳು. ತಲೆನೋವು ಅಂದೆ.

ಅದಾಗಿ ಎರಡು ದಿನಕ್ಕೆ ಹಾಲು ಹೊತ್ತಿತು. ನಾನು ಕೆಲಸದಿಂದ ಬಂದಾಗ ಅಂಗಳದಿಂದಲೇ ಕಮಟು ವಾಸನೆ. ಬಾಗಿಲು ತೆರೆದರೆ ಅಡುಗೆಮನೆಯಲ್ಲಿ ಪಾತ್ರೆ ಕಪ್ಪಾಗಿ ಹೊಗೆಯುತ್ತಿದೆ. ಹತ್ತು ಅಡಿ ದೂರದಲ್ಲಿ ಸುಮತಿ ಮೇಜಿಗೆ ಬಾಗಿ ಪ್ರಸಂಗದ ಮಾತು ಬರೆಯುತ್ತ ಕೂತಿದ್ದಾಳೆ. ನನ್ನ ಮುಖ ನೋಡಿದ ಮೇಲೆ ಎದ್ದು ಓಡಿದಳು. ಬರೆಯುತ್ತ ಕೂತು ಒಲೆಯ ಕಡೆ ಗಮನ ಇರಲಿಲ್ಲ ಅಂದಳು. ಮಲ್ಲಿಗೆ, ಮಳೆ, ಕೆಸರು, ಹಾಲು. ಅಂದು ನನ್ನ ತಲೆಯಲ್ಲಿ ಎರಡು ಅನುಮಾನಗಳು ಅಕ್ಕಪಕ್ಕ ಕೂತವು. ಒಂದು, ಇವಳ ಮೂಗು ಹೋಗಿದೆ. ಇನ್ನೊಂದು, ಇವಳ ಮನಸ್ಸು ಬೇರೆ ಕಡೆ ಹೋಗಿದೆ. ಮೊದಲನೆಯದೇ ನಿಜವಾಗಲಿ ಎಂದು ಎಂಥ ಗಂಡನಾದರೂ ಬೇಡಿಕೊಂಡಾನು, ನಾನೂ ಬೇಡಿಕೊಂಡೆ. ಆದರೆ ಕೇಳಿದರೆ ಸುಳ್ಳು ಹೇಳುತ್ತಾಳಲ್ಲ. ಕೇಳಿದ ಉತ್ತರವನ್ನು ನಂಬಬೇಡಿ, ಪರೀಕ್ಷಿಸಿ ಎಂದು ಹದಿನೆಂಟು ವರ್ಷ ಪಾಠ ಮಾಡಿದವನು ನಾನು. ಹಾಗಾಗಿ ಪರೀಕ್ಷೆ ಮಾಡಿದೆ.

ಆ ಶನಿವಾರ ಅವಳು ಅಲ್ ವಕ್ರಾದಿಂದ ಬೇಗ, ಆರಕ್ಕೆ ಮೊದಲೇ ಬರುತ್ತೇನೆ ಎಂದು ಮೆಸೇಜ್ ಹಾಕಿದ್ದಳು. ಅಲ್ ವಕ್ರಾ ಎಂದಲ್ಲ, ಅಭ್ಯಾಸದಿಂದ ಎಂದು. ಬಂದ ಕೂಡಲೇ ಅವಳು ಮಾಡುವ ಮೊದಲ ಕೆಲಸ ಚಹಾ. ಅಡುಗೆಮನೆಯ ಕಿಟಕಿ ಮುಚ್ಚಿ, ಒಲೆಯ ಕೊನೆಯ ಗುಂಡಿಯನ್ನು ಸಣ್ಣ ಉರಿಯಷ್ಟು ತಿರುಗಿಸಿ, ಹೊತ್ತಿಸದೆ ಬಿಟ್ಟೆ. ಎರಡು ನಿಮಿಷ ಸಾಕು, ಕೊಳೆತ ಎಲೆಕೋಸಿನಂಥ ವಾಸನೆ ತುಂಬಿಕೊಳ್ಳುತ್ತದೆ. ಬಾಗಿಲಲ್ಲಿ ಅವಳ ಹೆಜ್ಜೆ ಕೇಳಿದಾಗ ನಾನೇ ಪಕ್ಕದಲ್ಲಿ ನಿಂತು ಮುಖ ನೋಡುವುದು, ಲೈಟರ್ ಮುಟ್ಟುವ ಮೊದಲೇ ಗುಂಡಿ ಮುಚ್ಚುವುದು. ಎಲ್ಲ ಲೆಕ್ಕ ಹಾಕಿದ್ದೆ. ಪ್ಲಾಂಟಿನಲ್ಲಿ ಇಂಥ ಲೆಕ್ಕ ಹಾಕಿದವನನ್ನು ಅದೇ ದಿನ ಊರಿಗೆ ಕಳಿಸುತ್ತಾರೆ.

ವಾಸನೆ ಜೋರಾಗಿ ಬಡಿಯಿತು. ಸರಿ, ಮುಚ್ಚೋಣ, ಅವಳು ಬಂದಾಗ ಮತ್ತೆ ನೋಡೋಣ ಎನ್ನುವಷ್ಟರಲ್ಲಿ ಫೋನ್ ಬಂತು. ಸೈಟಿನಲ್ಲಿ ಯಾರದೋ ಪರ್ಮಿಟ್ ಗೊಂದಲ. ಅಡುಗೆಮನೆಯಲ್ಲೇ ಆಚೆ ಈಚೆ ನಡೆಯುತ್ತ, ಇವನಿಗೆ ಬೈದು, ಅವನಿಗೆ ವಿವರಿಸಿ, ಮಾತು ಮುಗಿಸುವಾಗ ಹತ್ತು ಹನ್ನೆರಡು ನಿಮಿಷ ಆಗಿತ್ತು. ವಾಸನೆ ಇರಲಿಲ್ಲ. ಮಾತಿನ ನಡುವೆ ಗುಂಡಿ ಮುಚ್ಚಿದ್ದೇನೆ ಎಂದು ನನಗೆ ಸಂಶಯವೇ ಇಲ್ಲದೆ ಅನ್ನಿಸಿತು. ಜೀವನದಲ್ಲಿ ನಾನು ಸಂಶಯ ಪಡದೆ ನಂಬಿದ್ದು ಅದೊಂದೇ ಇರಬೇಕು.

ಆಗಲೇ ಸುಮತಿ ಒಳಗೆ ಬಂದಳು. ಚೀಲ ಕುರ್ಚಿಗೆ ತೂಗಿಸಿ, ಪಾತ್ರೆಗೆ ನೀರು ಹಿಡಿದು, ಲೈಟರ್ ಕೈಗೆ ತೆಗೆದುಕೊಂಡಳು. ನಾನು ಬಾಗಿಲಿಗೆ ಒರಗಿ ಪರೀಕ್ಷೆ ಹಾಳಾಯಿತಲ್ಲ ಎಂದು ನೋಡುತ್ತಿದ್ದೆ. ಅವಳು ಲೈಟರನ್ನು ಎಡಗೈಗೆ ಬದಲಿಸಿಕೊಂಡು, ಬಲಗೈ ಬೆರಳಿನಿಂದ ಗುಂಡಿಗಳನ್ನು ಮುಟ್ಟುತ್ತ ಬಂದಳು. ಒಂದು, ಎರಡು, ಮೂರು. ನಾಲ್ಕನೆಯದರ ಮೇಲೆ ಬೆರಳು ನಿಂತಿತು. ಒಲೆಯ ಹತ್ತಿರ ಕಿವಿ ತಂದಳು. ಲೈಟರನ್ನು ನಿಧಾನವಾಗಿ ಸಿಂಕಿನ ನೀರಿಗೆ ಬಿಟ್ಟಳು, ಗುಂಡಿ ತಿರುಗಿಸಿದಳು, ಬಾಗಿ ಸಿಲಿಂಡರಿನ ವಾಲ್ವ್ ಮುಚ್ಚಿದಳು, ಕಿಟಕಿ ತೆರೆದಳು. ನನಗೆ ಆಗ ಅರ್ಥವಾಯಿತು, ಗುಂಡಿ ನಾನು ಮುಚ್ಚಿರಲೇ ಇಲ್ಲ, ಮೂಗು ಒಗ್ಗಿಹೋಗಿತ್ತು. ಕೈ ತಾನಾಗಿಯೇ ಎಕ್ಸಾಸ್ಟ್ ಫ್ಯಾನಿನ ಸ್ವಿಚ್ಚಿನ ಕಡೆ ಹೋಯಿತು.

“ಸ್ವಿಚ್ ಮುಟ್ಟಬೇಡಿ” ಎಂದಳು ಸುಮತಿ.

ಒಂದು ಕಿಡಿ ಸಾಕಾಗಿತ್ತು. ಅದು ನನ್ನದೇ ಕ್ಲಾಸಿನ ಮೂರನೆಯ ಪಾಠ. ಇಬ್ಬರೂ ಅಂಗಳಕ್ಕೆ ಬಂದು ನಿಂತೆವು. ತಣ್ಣನೆ ಗಾಳಿ, ಮಸೀದಿಯಿಂದ ಬಾಂಗು ಕೇಳುತ್ತಿತ್ತು. ಅವಳು ನನ್ನನ್ನು ಮೆಟ್ಟಿಲ ಮೇಲೆ ಕೂರಿಸಿದಳು. ಒಳಗಿನ ಗಾಳಿ ಬದಲಾಗಲಿ ಎಂದು ಅರ್ಧ ಗಂಟೆ ಅಲ್ಲೇ ಇದ್ದೆವು. ಅಷ್ಟರಲ್ಲಿ ಇಬ್ಬರದ್ದೂ ಹೊರಗೆ ಬಂತು.

ಜ್ವರದಿಂದ ಎದ್ದ ದಿನದಿಂದ ಅವಳಿಗೆ ವಾಸನೆ ಇರಲಿಲ್ಲ. ನಾಲಗೆಗೆ ಉಪ್ಪು, ಹುಳಿ, ಸಿಹಿ ಅಷ್ಟೇ ಗೊತ್ತಾಗುತ್ತಿತ್ತು, ಅದೂ ಮಂಕಾಗಿ. ಅವಳ ಜೊತೆ ಮುಲ್ಕಿಯಲ್ಲಿ ಓದಿದ ಗ್ಲಾಡಿಸ್ ಎಂಬವಳು ನರ್ಸ್ ಕೆಲಸಕ್ಕೆಂದು ಗಂಡನ ಜೊತೆ ಹೊಸದಾಗಿ ಅಲ್ ವಕ್ರಾಕ್ಕೆ ಬಂದಿದ್ದಳು. ಮೂಗಿಗೆ ಮತ್ತೆ ಅಭ್ಯಾಸ ಮಾಡಿಸಬಹುದು ಎಂದು ಹೇಳಿ ಆ ನಾಲ್ಕು ಸೀಸೆ ಕೊಟ್ಟವಳು ಅವಳೇ: ಗುಲಾಬಿ, ನಿಂಬೆ, ಲವಂಗ, ನೀಲಗಿರಿ. ಕಣ್ಣು ಮುಚ್ಚಿಸಿ ಒಂದೊಂದನ್ನೇ ಹಿಡಿಯುತ್ತಿದ್ದಳು, ಯಾವುದು ಹೇಳು ಎನ್ನುತ್ತಿದ್ದಳು. ಬಾಲ್ಕನಿಯ ಲುಂಗಿ ಗ್ಲಾಡಿಸ್‌ಳ ಗಂಡನದು. ಯಕ್ಷಗಾನದ ಅಭ್ಯಾಸಕ್ಕೆ ಸುಮತಿ ಹೋಗದಿರುವುದಕ್ಕೂ ಅದೇ ಕಾರಣ. ಅಲ್ಲಿ ಹೆಂಗಸರು ಮನೆಯಿಂದ ತಿಂಡಿ ತರುತ್ತಾರೆ, ರುಚಿ ಹೇಗುಂಟು ಎಂದು ಕೇಳುತ್ತಾರೆ.

ಇದನ್ನೆಲ್ಲ ನನ್ನಿಂದ ಯಾಕೆ ಮುಚ್ಚಿಟ್ಟೆ ಎಂದು ಕೇಳಿದೆ.

“ಮೂಗು ಸತ್ತವನನ್ನು ಗೇಟಿನ ಹೊರಗೆ ನಿಲ್ಲಿಸಿ ಅಂತ ಹೇಳಿದವರು ಯಾರು? ನಿಮಗೆ ಹೇಳಿದರೆ ಮರುದಿನವೇ ಶಾಲೆಗೆ ಫೋನ್ ಮಾಡ್ತಿದ್ರಿ, ಇವಳನ್ನು ಲ್ಯಾಬಿಗೆ ಬಿಡಬೇಡಿ ಅಂತ. ಮಾಡುವುದು ಸರಿಯೇ. ಅದಕ್ಕೇ ಹೆದರಿದ್ದು” ಎಂದಳು. ತೆರೆದ ಕಿಟಕಿಯ ಕಡೆ ನೋಡುತ್ತ ಮುಂದುವರಿಸಿದಳು. “ಐದು ತಿಂಗಳು ನಾನು ನಿಮ್ಮ ಪಕ್ಕದಲ್ಲೇ ಇದ್ದೆ. ನೀವು ಎಲ್ಲವನ್ನೂ ನೋಡಿದ್ದೀರಿ, ಬರೆದಿಟ್ಟುಕೊಂಡಿದ್ದೀರಿ. ಒಂದು ಸಲ ಕೇಳಲಿಲ್ಲ. ಗ್ಯಾಸ್ ಬಿಡಲಿಕ್ಕೆ ಮನಸ್ಸು ಬಂತು, ಬಾಯಿ ಬಿಡಲಿಕ್ಕೆ ಬರಲಿಲ್ಲ.”

ಒಳಗೆ ಬಂದ ಮೇಲೆ ಅವಳು ನನ್ನ ಬ್ಯಾಗಿನಿಂದ ಒಂದು ನಿಯರ್ ಮಿಸ್ ಫಾರಂ ತೆಗೆದು ಮುಂದಿಟ್ಟಳು. ಅಪಘಾತ ಕೂದಲೆಳೆಯಲ್ಲಿ ತಪ್ಪಿದಾಗ ನಮ್ಮಲ್ಲಿ ಬರೆಸುವ ಹಾಳೆ. ಏನಾಯಿತು, ಯಾಕಾಯಿತು, ಮತ್ತೆ ಆಗದಿರಲು ಏನು ಮಾಡಬೇಕು. ನಾನು ‘ಒಲೆಯ ಗುಂಡಿ ತೆರೆದುಕೊಂಡಿತ್ತು’ ಎಂದು ಬರೆದೆ. ಅವಳು ಹಾಳೆ ತಿರುಗಿಸಿ ನೋಡಿ, ತಾನಾಗಿಯೇ ತೆರೆದುಕೊಂಡಿತಾ ಎಂದು ಕೇಳಿದಳು. ಅದನ್ನು ಹೊಡೆದು ಹಾಕಿ ‘ನಾನು ತೆರೆದೆ’ ಎಂದು ಬರೆದೆ. ‘ಯಾಕಾಯಿತು’ ಎಂಬಲ್ಲಿ ಏನು ಬರೆಯುವುದೆಂದು ಗೊತ್ತಾಗದೆ ಬಹಳ ಹೊತ್ತು ಕೂತಿದ್ದೆ. ಸಾವಿರ ಜನರಿಗೆ ಆ ಫಾರಂ ತುಂಬಿಸುವುದನ್ನು ಕಲಿಸಿದವನು ನಾನು.

ಸೋಮವಾರ ಅವಳೇ ಶಾಲೆಯಲ್ಲಿ ಹೇಳಿದಳು. ಲ್ಯಾಬ್ ತಪ್ಪಿತು, ಗ್ರಂಥಾಲಯ ಕೊಟ್ಟರು. ಆ ರಾತ್ರಿಯ ಊಟದಲ್ಲಿ, ಮಾರ್ಚಿನ ಪರೀಕ್ಷೆ ಮುಗಿದ ಮೇಲೆ ಊರಿಗೆ ಹೋಗಿ ಅಕ್ಕನ ಜೊತೆ ಇರುತ್ತೇನೆ, ಎಷ್ಟು ಸಮಯ ಎಂದು ಈಗ ಹೇಳಲಾರೆ ಎಂದಳು. ಸಿಟ್ಟಿನಲ್ಲಿ ಹೇಳಲಿಲ್ಲ. ಸಿಟ್ಟಿನಲ್ಲಿ ಹೇಳಿದ್ದರೆ ನಾನು ಅಷ್ಟು ಹೆದರುತ್ತಿರಲಿಲ್ಲ. ತಪ್ಪಾಯಿತು ಅಂದೆ. ಗೊತ್ತುಂಟು ಅಂದಳು, ಸಾರು ಬಡಿಸಿದಳು.

ಫೆಬ್ರವರಿಯಲ್ಲಿ ಯಕ್ಷಗಾನ ಆಯಿತು. ಇಡೀ ರಾತ್ರಿಯದನ್ನು ಮುಕ್ಕಾಲು ಗಂಟೆಗೆ ಇಳಿಸಿದರೆ ಉಳಿಯುವುದು ಗೆಜ್ಜೆ, ಕಿರೀಟ ಅಷ್ಟೇ ಎಂದು ನನಗೆ ಅನುಮಾನವಿತ್ತು. ಸಭೆಯಲ್ಲಿ ಕೂತವನು ಅವಳು ಕತ್ತರಿಸಿದ ಯುದ್ಧದ ಜಾಗವನ್ನು ಹುಡುಕುತ್ತಲೇ ಇದ್ದೆ, ಸಿಗಲಿಲ್ಲ. ಕೊನೆಗೆ ಶೇಖರಣ್ಣ ಮಂಗಳ ಹಾಡುವಾಗ ಹಿಂದಿನ ಸಾಲಿನ ಮುದುಕರೊಬ್ಬರು ಕಣ್ಣು ಒರೆಸಿಕೊಳ್ಳುತ್ತಿದ್ದರು. ಸುಮತಿ ವೇದಿಕೆಯ ಪಕ್ಕದಲ್ಲಿ ನಿಂತು ಮಕ್ಕಳ ಬಾಯಿಯನ್ನೇ ನೋಡುತ್ತಿದ್ದಳು. ಅವಳ ಕೈಯಿಂದ ಏನೇನು ಹೋಗಿದೆ, ಆದರೂ ಏನೇನು ಉಳಿಸಿದ್ದಾಳೆ ಎಂದು ಮೊದಲ ಸಲ ನನಗೆ ಕಂಡಿತು. ಮನೆಗೆ ಬರುವಾಗ ಕಾರಿನಲ್ಲಿ ಅದನ್ನು ಹೇಳಬೇಕೆಂದಿದ್ದೆ, ಹೇಗೆ ಹೇಳಿದರೂ ಟಿಕೆಟ್ ರದ್ದು ಮಾಡಿಸಲು ಹೇಳಿದ ಹಾಗೆ ಆಗುತ್ತದೆ ಎಂದು ಸುಮ್ಮನಾದೆ.

ಮಾರ್ಚಿನಲ್ಲಿ ಪ್ಲಾಂಟಿನ ಶಟ್‌ಡೌನ್. ರಿಪೇರಿಗೆಂದು ಎಲ್ಲ ನಿಲ್ಲಿಸುವ ದಿನಗಳು. ನಾವು ಮೂರು ವಾರ ಅಲ್ಲೇ ಕ್ಯಾಂಪಿನಲ್ಲಿ ಇರಬೇಕು. ದಿನವೂ ಫೋನ್ ಮಾಡುತ್ತಿದ್ದೆ. ಊಟ ಆಯ್ತಾ, ಆಯ್ತು. ಅವಳ ವಿಮಾನ ಶುಕ್ರವಾರ ಸಂಜೆಗೆ. ನಾನು ಬಂದದ್ದು ಶುಕ್ರವಾರ ಬೆಳಿಗ್ಗೆ. ಧೂಳಿನ ಗಾಳಿ ಎದ್ದು ಬೀದಿಯೆಲ್ಲ ಮಸುಕಾಗಿತ್ತು. ಬಾಗಿಲು ತೆರೆದೆ. ಕೋಣೆಯ ನಡುವೆ ಸೂಟ್‌ಕೇಸ್ ಬೆಲ್ಟ್ ಬಿಗಿದು ನಿಂತಿತ್ತು. ಒಳಗೆ ಕಾಲಿಡಲು ಹೋದವನು ಹೊಸ್ತಿಲಲ್ಲೇ ನಿಂತುಬಿಟ್ಟೆ. ಮನೆಯ ವಾಸನೆ ಬಡಿಯಿತು. ಅಷ್ಟು ವರ್ಷ ಅಲ್ಲೇ ಇದ್ದು, ನಮ್ಮ ಮನೆಗೆ ಒಂದು ವಾಸನೆ ಉಂಟು ಎಂದೇ ನನಗೆ ಗೊತ್ತಿರಲಿಲ್ಲ.

ಸುಮತಿ ಕೋಣೆಯಿಂದ ಬಂದು, ಯಾಕೆ ನಿಂತಿರಿ, ಧೂಳು ಒಳಗೆ ಬರ್ತದೆ ಎಂದಳು.

“ವಾಸನೆ” ಅಂದೆ. “ಮನೆಯದ್ದು.”

ಅವಳು ನನ್ನನ್ನು ನೋಡಿದಳು. ನಾನು ಕ್ಲಾಸಿನಲ್ಲಿ ಜನರನ್ನು ನೋಡುತ್ತಿದ್ದ ಹಾಗೆಯೇ, ನಂಬದೆ. ಸೂಟ್‌ಕೇಸಿನ ಮೇಲೆ ಕೈ ಇಟ್ಟು ನಿಂತಳು. “ಒಳಗೆ ಬರಬೇಡಿ. ಅಲ್ಲೇ ನಿಂತು ಹೇಳಿ, ಏನೇನುಂಟು? ಚಂದ ಮಾಡಿ ಹೇಳಬೇಡಿ.”

ಇಂಗು ಅಂದೆ. ಒಣಗದ ಬಟ್ಟೆ. ಬೂತಾಯಿ ಮೀನಿನ ಪುಳಿಮುಂಚಿ, ಇವತ್ತಿನದಲ್ಲ. ಮೊನ್ನೆಯದ್ದು, ಸರಿ ಎಂದು ಅವಳು ತಲೆಯಾಡಿಸಿದಳು. ‘ಮತ್ತೆ?’ ಅಂದಳು. ಹಳೆಯ ಪುಸ್ತಕ, ಶಾಲೆಯಿಂದ ತಂದದ್ದಿರಬೇಕು. ಮತ್ತೆ? ನಾನು ತಡೆದೆ. ಇನ್ನೊಂದು ವಾಸನೆ ಇತ್ತು, ಎಲ್ಲಕ್ಕಿಂತ ದಟ್ಟವಾಗಿ, ಅವಳು ಕೋಣೆಗೆ ಬಂದ ಮೇಲೆ ಹೆಚ್ಚಾದದ್ದು. ಊರಿಗೆ ಹೊರಟು ನಿಂತವಳಿಗೆ ಹೇಳುವ ಮಾತಲ್ಲ. ಮಲ್ಲಿಗೆ ಅಂದುಬಿಡಲೇ ಎಂದು ನಾಲಗೆಯ ತುದಿಗೆ ಬಂತು.

“ತಲೆಗೆ ಹಾಕುವ ಎಣ್ಣೆ ಕೆಟ್ಟಿದೆ ಸುಮತಿ. ಕಮಟು ವಾಸನೆ. ನಿನ್ನ ಕೂದಲಿನಿಂದ ಬರ್ತಾ ಉಂಟು. ಬಹಳ ಸಮಯ ಆಗಿರಬೇಕು, ಮನೆಯಿಡೀ ಉಂಟು.”

ಅವಳ ಮುಖ ಕೆಂಪಾಯಿತು. ಕೈ ತಲೆಗೆ ಹೋಯಿತು. ಎಷ್ಟು ವಾರ ಅದನ್ನೇ ಹಚ್ಚಿಕೊಂಡು ಶಾಲೆಗೆ ಹೋಗಿದ್ದಾಳೋ, ಎಷ್ಟು ಜನ ಮುಖ ತಿರುಗಿಸಿಕೊಂಡು ಸುಮ್ಮನಿದ್ದರೋ. ನಾನೂ ಅಲ್ಲೇ ಪಕ್ಕದಲ್ಲಿ ಮಲಗಿ ಒಗ್ಗಿಹೋದವನು. ಅವಳು ಒಳಗೆ ಹೋಗಿ ಬಾಟಲಿ ತಂದು ಸಿಂಕಿಗೆ ಸುರಿದಳು. ನಲ್ಲಿ ಬಿಟ್ಟಳು. ಆಮೇಲೆ ಬಂದು ಸೂಟ್‌ಕೇಸನ್ನು ಅಡ್ಡ ಮಲಗಿಸಿ, ಬೆಲ್ಟ್ ಬಿಚ್ಚಿ, ಮೇಲಿನ ಸೀರೆಗಳನ್ನೆಲ್ಲ ತೆಗೆದು ನೆಲಕ್ಕೆ ಹಾಕಿ, ತಳದಿಂದ ಅದೇ ಎಣ್ಣೆಯ ಇನ್ನೊಂದು ಬಾಟಲಿ ಹೊರಗೆ ತೆಗೆದಳು. ಅದನ್ನೂ ಸುರಿದಳು. ಒಂದು ಸೀರೆ ಎತ್ತಿ ಹೊಸ್ತಿಲವರೆಗೆ ತಂದು ನನ್ನ ಮೂಗಿಗೆ ಹಿಡಿದಳು. ವಾಸನೆ ಹಿಡಿದಿದೆ ಅಂದೆ. ಇನ್ನೊಂದು ತಂದಳು. ಇದಕ್ಕೂ ಹಿಡಿದಿದೆ. ಮೂರನೆಯದನ್ನು ಕೈಯಲ್ಲಿ ಹಿಡಿದುಕೊಂಡು, ಖಾಲಿಯಾದ ಸೂಟ್‌ಕೇಸಿನ ಕಡೆ ಒಮ್ಮೆ ನೋಡಿ, ಗೋಡೆಯ ಗಡಿಯಾರದ ಕಡೆ ಒಮ್ಮೆ ನೋಡಿ, ಎಲ್ಲವನ್ನೂ ಒಟ್ಟು ಮಾಡಿ ವಾಷಿಂಗ್ ಮೆಶಿನ್ನಿಗೆ ತುಂಬಿದಳು. ಗುಂಡಿ ಒತ್ತಿ ಬಂದು ಮತ್ತೆ ಎದುರು ನಿಂತಳು.

“ಇನ್ನೇನುಂಟು, ಬೇಗ ಹೇಳಿ” ಎಂದಳು. “ನಿಮಗೆ ಒಗ್ಗಿ ಹೋಗುವ ಮೊದಲು.”